ಆಟದ ಲೆಕ್ಕ ಬರೆದವರು

ರಾಜ್ಯಗಳ ಏಳುಬೀಳುಗಳನ್ನು ಬರೆದಿಡುವುದಕ್ಕೆ ಜಗತ್ತಿನಲ್ಲಿ ಎಂದೂ ಜನರ ಕೊರತೆಯಾದುದಿಲ್ಲ. ಅರಸನ ದಾನವನ್ನು ಕಲ್ಲಿನಲ್ಲಿ ಕಂಡರಿಸಿದ ಲಿಪಿಕಾರನಿಗೆ ಮನ್ನಣೆಯಿತ್ತು. ಕೆಲವೆಡೆಗಳಲ್ಲಿ ಶಾಸನದ ಕೊನೆಯಲ್ಲಿ ಅವನ ಹೆಸರೂ ಉಳಿದು ಬಂದಿದೆ. ತುರುಗಳನ್ನು ಕಾಯಲು ಕಾದಿ ಮಡಿದ ಊರ ಬಂಟನಿಗೆ ನಮ್ಮ ಹಿರಿಯರು ವೀರಗಲ್ಲನ್ನು ನಿಲ್ಲಿಸಿದರು. ಆದರೆ ಊರ ಬಯಲಿನಲ್ಲಿ ಸಂಜೆಯವರೆಗೆ ಆಡಿ, ಗೆದ್ದೋ ಸೋತೋ ಮೈಯ ಧೂಳನ್ನು ಕೊಡಹಿಕೊಂಡು ಮನೆಗೆ ಹೋದ ಆಟಗಾರನನ್ನು ನೆನಪಿನಲ್ಲಿಡುವವರು ಯಾರು? ಗೆಲವಿನ ಕೂಗು ಅಡಗುವುದಕ್ಕೆ ಒಂದು ಗಳಿಗೆ ಸಾಕು. ನೋಡಿದವರ ನೆನಪು ಮಾಸುವುದಕ್ಕೆ ಒಂದು ತಲೆಮಾರು ಸಾಕು. ಹೀಗಿರುವಲ್ಲಿ, ಇನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನ ಒಂದು ಹಳ್ಳಿಯ ತಂಡದಲ್ಲಿ ಯಾವನು ಎಷ್ಟು ಓಟಗಳನ್ನು ಗಳಿಸಿದನೆಂಬುದನ್ನು ನಾವಿಂದು ಹೇಳಬಲ್ಲೆವಾದರೆ, ಅದಕ್ಕೆ ಬಹುಮಟ್ಟಿಗೆ ಕೆಲವು ಹವ್ಯಾಸಿಗಳೇ ಕಾರಣರು. ಯಾರೂ ಕೇಳದೆ, ಯಾರಿಂದಲೂ ಕಾಸನ್ನು ನಿರೀಕ್ಷಿಸದೆ, ತಮಗೆ ಪ್ರಿಯವಾದ ಆಟವು ಮರೆತುಹೋಗಬಾರದೆಂಬ ಹಂಬಲದಿಂದ ಅವರು ಬರೆದಿಟ್ಟರು. ಅಂಥವರಲ್ಲಿ ಕೆಲವರ ವೃತ್ತಾಂತವನ್ನು ವಾಚಕರ ಮುಂದಿಡುವುದೂ, ಅವರ ಕೆಲಸವು ಬರಿಯ ಕಾಲಹರಣವೋ ಚರಿತ್ರೆಗೆ ಸಂದ ಸೇವೆಯೋ ಎಂಬುದನ್ನು ವಿಚಾರಿಸುವುದೂ ಈ ಲೇಖನದ ಉದ್ದೇಶ. ದೃಷ್ಟಾಂತಕ್ಕಾಗಿ ನಮ್ಮ ಜನರಿಗೂ ಪರಿಚಿತವಾದ ಕ್ರಿಕೆಟ್ ಆಟವನ್ನೇ ಆರಿಸಿಕೊಂಡಿದ್ದೇನೆ.

ಕ್ರಿಕೆಟ್ ಆಟದ ನಿಯಮಗಳು ಬರಹದ ರೂಪವನ್ನು ಪಡೆದುದು 1744ರಲ್ಲಿ. ಆ ಕಾಲದಲ್ಲಿ ಆಟದ ಲೆಕ್ಕವಿಡುವ ಕ್ರಮವು ನಮ್ಮ ಹಳ್ಳಿಯ ಮನೆಗಳಲ್ಲಿ ಹಾಲಿನ ಲೆಕ್ಕಕ್ಕೆ ಗೋಡೆಯ ಮೇಲೆ ಗೀಟೆಳೆಯುತ್ತಿದ್ದಂತೆಯೇ ಇತ್ತು. ಒಬ್ಬನು ಕೋಲನ್ನು ಹಿಡಿದು ಕುಳಿತು, ಒಂದೊಂದು ಓಟಕ್ಕೂ ಚಾಕುವಿನಿಂದ ಒಂದೊಂದು ಕಚ್ಚು ಮಾಡುತ್ತಿದ್ದನು. ಆಟ ಮುಗಿದ ಮೇಲೆ ಯಾವ ಪಕ್ಷದ ಕಚ್ಚುಗಳು ಹೆಚ್ಚೋ ಆ ಪಕ್ಷಕ್ಕೆ ಗೆಲವು. ಕೋಲಿಗೆ ಸಂಖ್ಯೆ ತಿಳಿಯಿತು. ಓಡಿದವನ ಹೆಸರು ತಿಳಿಯಲಿಲ್ಲ. ಆ ದಿನದ ಪಣವನ್ನು ತೀರಿಸಿಕೊಳ್ಳುವುದಕ್ಕೆ ಅಷ್ಟೇ ಸಾಕಾಗಿತ್ತು. ನಾಳೆಗೆ ಏನಾದರೂ ಉಳಿಯಬೇಕಾದರೆ ಕಾಗದವೂ ಮಸಿಯೂ ಬೇಕಾದುವು. ಅದಕ್ಕಿಂತ ಹೆಚ್ಚಾಗಿ, ಇದು ಉಳಿಯತಕ್ಕ ಸಂಗತಿಯೆಂದು ತಿಳಿದ ಒಬ್ಬ ಮನುಷ್ಯನು ಬೇಕಾದನು.

ಲಂಡನ್ನಿನ ಮ್ಯಾರಿಲಿಬೋನ್ ಕ್ರಿಕೆಟ್ ಸಂಘವು 1787ರಲ್ಲಿ ಸ್ಥಾಪಿತವಾಯಿತು. ಆ ಸಂಘದ ಲೆಕ್ಕಿಗನಾಗಿದ್ದ ಸ್ಯಾಮ್ಯುಯೆಲ್ ಬ್ರಿಚರ್ ಎಂಬವನು 1790ರಿಂದ ಮೊದಲಾಗಿ ವರ್ಷವರ್ಷದ ಆಟಗಳ ಲೆಕ್ಕಗಳನ್ನು ಸಣ್ಣ ಪುಸ್ತಕಗಳಾಗಿ ಅಚ್ಚು ಹಾಕಿಸತೊಡಗಿದನು. ಅಂಥ ಪುಸ್ತಕಗಳನ್ನು ಜನರು ಓದಿ ಬಿಸುಟರೇ ಹೊರತು ಕಾಪಾಡಲಿಲ್ಲ. ಅವುಗಳ ಪ್ರತಿಗಳು ಇಂದು ಅತ್ಯಂತ ವಿರಳ. ಇದರ ಮೇಲೆ ಮತ್ತೊಂದು ವಿಪತ್ತು ಬಂದಿತು. 1825ರ ಜುಲೈ ತಿಂಗಳ ಒಂದು ರಾತ್ರಿ ಲಾರ್ಡ್ಸ್ ಬಯಲಿನ ಪೆವಿಲಿಯನ್ ಕಟ್ಟಡಕ್ಕೆ ಬೆಂಕಿ ಬಿದ್ದು, ಸಂಘದ ಕಡತಗಳೂ ಲೆಕ್ಕದ ಪುಸ್ತಕಗಳೂ ಭಸ್ಮವಾದುವು. ಒಂದು ಆಟದ ಪೂರ್ವಚರಿತ್ರೆಯೇ ಒಂದು ರಾತ್ರಿಯಲ್ಲಿ ಬೂದಿಯಾಯಿತೆಂದರೆ ಅತಿಶಯೋಕ್ತಿಯಾಗಲಾರದು.

ವಿಧಿಯ ವಿಲಾಸವೆನ್ನಬೇಕು: ಅದೇ 1825ರ ಆಗಸ್ಟ್ ತಿಂಗಳಲ್ಲಿ, ಆ ಬೂದಿಯಿಂದ ಚರಿತ್ರೆಯನ್ನು ಮತ್ತೆ ಆಯ್ದು ತರತಕ್ಕ ಪುರುಷನು ಜನಿಸಿದನು. ಅವನ ಹೆಸರು ಆರ್ಥರ್ ಹೇಗಾರ್ತ್. ಹ್ಯಾರೋ ಶಾಲೆಯಲ್ಲಿ ಓದುತ್ತಿದ್ದಾಗಲೇ, ಸುಮಾರು 1842ರ ವೇಳೆಗೆ, ಹಳೆಯ ಆಟಗಳ ಲೆಕ್ಕಗಳನ್ನು ಕೂಡಿಹಾಕುವ ಹುಚ್ಚು ಅವನಿಗೆ ಹಿಡಿಯಿತು. 1903ರಲ್ಲಿ ಅವನು ತೀರಿಕೊಳ್ಳುವವರೆಗೂ ಅದು ಬಿಡಲಿಲ್ಲ. ಅರುವತ್ತು ವರ್ಷಗಳ ಕಾಲ ಒಂದೇ ಕಾರ್ಯದಲ್ಲಿ ಮನಸ್ಸನ್ನು ನಿಲ್ಲಿಸುವುದು ತಪಸ್ವಿಗಳಿಗೂ ಸುಲಭವಲ್ಲ. ಅವನು ತಾನೂ ಒಳ್ಳೆಯ ಆಟಗಾರನೇ. ಆದರೆ ದಾಂಡು ಹಿಡಿದು ನಿಂತನೆಂದರೆ ಓಟಗಳಿಗಾಗಿ ಆತುರಪಡದೆ ಗಂಟೆಗಟ್ಟಲೆ ವಿಕೆಟ್ಟನ್ನು ಕಾಯುವವನೆಂದು ಪ್ರಸಿದ್ಧನಾಗಿದ್ದನು. ಬಯಲಿನಲ್ಲಿ ನೋಡುವವರಿಗೆ ಬೇಸರ ತಂದ ಆ ತಾಳ್ಮೆಯೇ ಬರಹದ ಮೇಜಿನ ಬಳಿ ಅವನಿಗೆ ವರವಾಯಿತು.

ಹಳೆಯ ವೃತ್ತಪತ್ರಿಕೆಗಳನ್ನು ಅವನು ಹಾಳೆಹಾಳೆಯಾಗಿ ಶೋಧಿಸಿದನು. ನಾಡಿನ ಮೂಲೆಮೂಲೆಗಳಿಗೆ ಕಾಗದ ಬರೆದನು. ಬದುಕಿದ್ದ ವೃದ್ಧ ಆಟಗಾರರಿಂದ ಸಂಗತಿಗಳನ್ನು ಕೇಳಿ ತಿಳಿದನು. ಪ್ರತಿಯೊಬ್ಬ ಆಟಗಾರನ ಹುಟ್ಟೂರು, ಜನ್ಮದಿನ, ಕಸುಬು, ಎತ್ತರ, ತೂಕ, ಆಟದ ಬೆಡಗು ಇವುಗಳನ್ನೆಲ್ಲ ಸಾಧ್ಯವಾದಷ್ಟು ಸಂಗ್ರಹಿಸಿ ಲೆಕ್ಕಗಳ ಜೊತೆಗೆ ಸೇರಿಸಿದನು. ಈ ಮಹಾಸಂಗ್ರಹದ ಮೊದಲನೆಯ ಸಂಪುಟವು 1862ರಲ್ಲಿ ಫ್ರೆಡ್ ಲಿಲ್ಲಿವೈಟ್ ಎಂಬ ಪ್ರಕಾಶಕನಿಂದ ಹೊರಟಿತು. ನಾಲ್ಕು ಸಂಪುಟಗಳಾದ ಮೇಲೆ ಕೆಲಸವು ನಿಂತು, ಅನಂತರ ಮ್ಯಾರಿಲಿಬೋನ್ ಸಂಘದವರ ಆಶ್ರಯದಲ್ಲಿ ಮುಂದುವರಿಯಿತು. ಗ್ರಂಥಕರ್ತನು ಬದುಕಿರುವಾಗ ಹದಿನಾಲ್ಕು ಸಂಪುಟಗಳು ಬಂದುವು. ಹದಿನೈದನೆಯದು ಅವನು ಸತ್ತು ಇಪ್ಪತ್ತೆರಡು ವರ್ಷಗಳಾದ ಮೇಲೆ, 1925ರಲ್ಲಿ ಬಂದಿತು. ಇಷ್ಟಾದರೂ ಜನರ ಬಾಯಲ್ಲಿ ಆ ಗ್ರಂಥವು ‘ಲಿಲ್ಲಿವೈಟನ ಲೆಕ್ಕಗಳು’ ಎಂದೇ ಪ್ರಸಿದ್ಧಿ ಪಡೆಯಿತು. ದುಡಿದವನು ಒಬ್ಬ, ಹೆಸರು ಪಡೆದವನು ಇನ್ನೊಬ್ಬ! ಆಟಗಾರರ ಹೆಸರುಗಳನ್ನು ಉಳಿಸಲು ಹೊರಟವನ ಹೆಸರೇ ಹೊದಿಕೆಯಿಂದ ಮರೆಯಾದುದು ವಿಷಾದದ ಸಂಗತಿ.

ಹೇಗಾರ್ತನ ಕಾರ್ಯವು ಅಂಕಿಗಳ ಮೂಲಕ ನಡೆಯಿತು. ಅವನಿಗಿಂತ ಹಿಂದೆಯೇ ಜಾನ್ ನೈರೆನ್ ಎಂಬವನು ನೆನಪಿನ ಮೂಲಕ ಅದೇ ಕಾರ್ಯವನ್ನು ಬೇರೊಂದು ರೀತಿಯಲ್ಲಿ ಸಾಧಿಸಿದ್ದನು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಹ್ಯಾಂಪ್‌ಷೈರಿನ ಹ್ಯಾಂಬಲ್ಡನ್ ಎಂಬ ಹಳ್ಳಿಯ ಹೆಸರಿನ ತಂಡವು ಇಡೀ ಇಂಗ್ಲೆಂಡಿನಿಂದ ಆರಿಸಿದ ತಂಡವನ್ನೇ ಎದುರಿಸಿ ಅನೇಕ ಸಲ ಗೆದ್ದಿತು. ಆ ತಂಡದ ನಾಯಕನಾಗಿದ್ದ ರಿಚರ್ಡ್ ನೈರೆನನು ಬಯಲಿನ ಪಕ್ಕದ ಛತ್ರವನ್ನು ನಡೆಸುತ್ತಿದ್ದವನು. ಅವನ ಮಗನಾದ ಜಾನ್, ಬಾಲ್ಯದಲ್ಲಿ ಕಣ್ಣಾರೆ ಕಂಡ ವೀರರನ್ನು ತನ್ನ ಅರುವತ್ತೆಂಟನೆಯ ವಯಸ್ಸಿನಲ್ಲಿ ನೆನೆದು ಹೇಳಿದನು. ಕವಿ ಕೀಟ್ಸನ ಗೆಳೆಯನಾದ ಚಾರ್ಲ್ಸ್ ಕೌಡನ್ ಕ್ಲಾರ್ಕನು ಅದನ್ನು ಕೂಡಿಸಿ ತಿದ್ದಿದನು. 1833ರಲ್ಲಿ ಪುಸ್ತಕವು ಹೊರಬಂದಿತು. ಹ್ಯಾಂಬಲ್ಡನ್ನಿನ ಆಟಗಾರರು ಇಂದಿಗೂ ಮುಖವುಳ್ಳ ಮನುಷ್ಯರಾಗಿ ನಮಗೆ ಕಾಣುತ್ತಾರಾದರೆ ಅದು ಈ ಮುದುಕನ ಪ್ರಸಾದ. ಅಂಕಿಗಳು ಎಲುಬು, ನೆನಪು ರಕ್ತಮಾಂಸ. ಎರಡೂ ಕೂಡಿದಲ್ಲದೆ ಚರಿತ್ರೆಗೆ ಮೈ ಬಾರದು.

ಲೆಕ್ಕವನ್ನು ಬರೆಯುವುದು ಸರಳವಾದ ಕೆಲಸವೆಂದು ತೋರಬಹುದು. ಆದರೆ ಏನನ್ನು ಬರೆಯಬೇಕು, ಏನನ್ನು ಬಿಡಬೇಕು ಎಂಬುದರಲ್ಲಿಯೇ ನ್ಯಾಯಾನ್ಯಾಯಗಳ ಪ್ರಶ್ನೆಯು ಅಡಗಿದೆ. ಎರಡು ನಿದರ್ಶನಗಳನ್ನು ನೋಡಬಹುದು. ಹಳೆಯ ಲೆಕ್ಕಗಳಲ್ಲಿ ದಾಂಡಿಗನು ಹೊಡೆದ ಚೆಂಡನ್ನು ಯಾರಾದರೂ ಹಿಡಿದರೆ, ಹಿಡಿದವನ ಹೆಸರನ್ನು ಮಾತ್ರ ಬರೆಯುತ್ತಿದ್ದರು. ಆ ಚೆಂಡನ್ನು ಜಾಣತನದಿಂದ ಎಸೆದು ದಾಂಡಿಗನನ್ನು ತಪ್ಪು ಹೊಡೆತಕ್ಕೆ ಎಳೆದ ಬೌಲರಿನ ಹೆಸರು ಎಲ್ಲಿಯೂ ಇಲ್ಲ. ಹತ್ತೊಂಬತ್ತನೆಯ ಶತಮಾನದ ಮೂರನೆಯ ನಾಲ್ಕನೆಯ ದಶಕಗಳಲ್ಲಿ ಕ್ರಮೇಣ ಈ ಪದ್ಧತಿಯು ಬದಲಾಗಿ, ಹಿಡಿದವನ ಜೊತೆಗೆ ಎಸೆದವನ ಹೆಸರೂ ಬರತೊಡಗಿತು. ಅಲ್ಲಿಯವರೆಗಿನ ಬೌಲರುಗಳ ದುಡಿಮೆಯಲ್ಲಿ ಒಂದು ದೊಡ್ಡ ಭಾಗವು ಶಾಶ್ವತವಾಗಿ ಕಳೆದುಹೋಗಿದೆ. ಹೇಗಾರ್ತನ ಅರುವತ್ತು ವರ್ಷಗಳ ಶ್ರಮವೂ ಅದನ್ನು ಮರಳಿ ತರಲಾರದೆ ಹೋಯಿತು. ಬರೆಯದೆ ಬಿಟ್ಟುದನ್ನು ಹುಡುಕಿ ತರುವ ವಿದ್ಯೆಯು ಯಾರಿಗೂ ಸಿದ್ಧಿಸಿಲ್ಲ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ಇಂಗ್ಲೆಂಡಿನಲ್ಲಿ ಸಿರಿವಂತರು ಹವ್ಯಾಸಕ್ಕಾಗಿ ಆಡುತ್ತಿದ್ದರು. ಬಡವರು ಕೂಲಿಗಾಗಿ ಆಡುತ್ತಿದ್ದರು. ಒಂದೇ ತಂಡದಲ್ಲಿ ಆಡಿದರೂ ಅಚ್ಚಾದ ಲೆಕ್ಕದಲ್ಲಿ ಮೊದಲಿನವರ ಹೆಸರಿಗೆ ಗೌರವಸೂಚಕ ಪದವನ್ನೋ ಹೆಸರಿನ ಹಿಂದೆ ಮೊದಲಕ್ಷರಗಳನ್ನೋ ಸೇರಿಸಿ, ಎರಡನೆಯವರ ಮನೆತನದ ಹೆಸರನ್ನು ಬರಿದಾಗಿ ಹಾಕುವುದು ಬಹುಕಾಲದ ರೂಢಿಯಾಗಿತ್ತು. ಈ ಭೇದವನ್ನು ಅಲ್ಲಿಯ ಅಧಿಕಾರಿಗಳು ತೆಗೆದುಹಾಕಿದುದು 1962ರಲ್ಲಿ. ಲೆಕ್ಕದ ಪುಸ್ತಕದಲ್ಲಿ ಎರಡಕ್ಷರಗಳ ಸ್ಥಾನವು ಒಂದು ಸಮಾಜದ ಮೇಲುಕೀಳುಗಳನ್ನು ಹೇಳುತ್ತದೆ. ಆದುದರಿಂದ ಆಟದ ಚರಿತ್ರಕಾರನು ತಾನು ಬರಿಯ ಓಟಗಳನ್ನು ಎಣಿಸುತ್ತಿದ್ದೇನೆಂದು ತಿಳಿದಿದ್ದರೂ, ಅವನಿಗೆ ಅರಿವಿಲ್ಲದೆಯೇ ಮನುಷ್ಯರ ಬಾಳನ್ನು ಬರೆಯುತ್ತಿರುತ್ತಾನೆ.

ಈ ಮಾತು ನಮ್ಮ ದೇಶದ ವಿಷಯದಲ್ಲಿ ಇನ್ನೂ ಸ್ಪಷ್ಟವಾಗುತ್ತದೆ. ಭಾರತೀಯರಲ್ಲಿ ಕ್ರಿಕೆಟ್ ಸಂಘವನ್ನು ಮೊದಲು ಕಟ್ಟಿದವರು ಮುಂಬಯಿಯ ಪಾರ್ಸಿಗಳು. ಅವರ ಓರಿಯೆಂಟಲ್ ಸಂಘವು 1848ರಲ್ಲಿ ಹುಟ್ಟಿತು. ಅವರ ಆಟದ ಚರಿತ್ರೆಯನ್ನು 1897ರಲ್ಲಿ ಇಂಗ್ಲಿಷಿನಲ್ಲಿ ಬರೆದು ಪ್ರಕಟಿಸಿದವರು ಶಾಪೂರ್ಜೀ ಸೊರಾಬ್ಜೀ ಎಂಬವರು. ಆ ಪುಸ್ತಕದ ಹೆಸರಿನಲ್ಲಿಯೇ ಎರಡು ಭಾಗಗಳಿವೆ: ಒಂದು ಪಾರ್ಸಿಗಳ ಕ್ರಿಕೆಟ್ಟಿನ ವೃತ್ತಾಂತ, ಇನ್ನೊಂದು ಐರೋಪ್ಯರ ಪೋಲೋ ಆಟಕ್ಕೂ ದೇಶೀಯರ ಕ್ರಿಕೆಟ್ಟಿಗೂ ನಡೆದ ಹೋರಾಟ. ಮುಂಬಯಿಯ ಮೈದಾನದಲ್ಲಿ ಜಿಮಖಾನೆಯ ಕೆಲವೇ ಮಂದಿ ಐರೋಪ್ಯರು ಕುದುರೆಗಳನ್ನೇರಿ ಪೋಲೋ ಆಡುತ್ತಿದ್ದರು. ಕುದುರೆಗಳ ಗೊರಸುಗಳಿಂದ ನೆಲವು ಕಿತ್ತು ಹಳ್ಳಬೀಳುತ್ತಿತ್ತು. ಅದೇ ನೆಲದಲ್ಲಿ ನೂರಾರು ಮಂದಿ ದೇಶೀಯ ಹುಡುಗರು ಕ್ರಿಕೆಟ್ ಆಡಬೇಕಾಗಿತ್ತು. 1881ರಲ್ಲಿ ಸೊರಾಬ್ಜೀಯವರು ಮುಂದಾಳಾಗಿ ನಿಂತು ಗವರ್ನರಿಗೆ ಮನವಿಯನ್ನು ಸಲ್ಲಿಸಿದರು. ಮೊದಲು ಅನುಕೂಲವಾದ ಅಪ್ಪಣೆಯಾಯಿತು. ಸ್ವಲ್ಪ ಕಾಲದಲ್ಲಿಯೇ ಅದು ತಿರುಗಿಬಿದ್ದು, ಪೋಲೋ ಕುದುರೆಗಳು ಮರಳಿ ಮೈದಾನಕ್ಕೆ ಬಂದುವು. ಮನವಿಯ ಮೇಲೆ ಮನವಿಗಳು ಹೋದುವು. ಕಡೆಗೆ 1880ರ ದಶಕದ ಉತ್ತರಾರ್ಧದಲ್ಲಿ ಪಾರ್ಸಿ ಜಿಮಖಾನೆಗೆ ಸಮುದ್ರದ ತಡಿಯಲ್ಲಿ ಬೇರೊಂದು ನಿವೇಶನವು ದೊರೆಯಿತು. ಮುಂದೆ 1890ರಲ್ಲಿ ಇಂಗ್ಲೆಂಡಿನಿಂದ ಬಂದ ವರ್ನನ್ನನ ತಂಡವನ್ನು ಪಾರ್ಸಿಗಳು ಸೋಲಿಸಿದರು.

ವರ್ನನ್ನನ ತಂಡದ ಸೋಲನ್ನು ಬರೆಯಲು ಪತ್ರಿಕೆಗಳಿದ್ದುವು. ಗೊರಸಿನ ಹಳ್ಳಗಳನ್ನು ಬರೆಯಲು ಯಾರಿದ್ದರು? ಸರಕಾರದ ಕಚೇರಿಯಲ್ಲಿ ಆ ಮನವಿಗಳು ಒಂದು ಕಟ್ಟಿನಲ್ಲಿ ಧೂಳು ಹಿಡಿಯುತ್ತಿದ್ದುವು. ಸೊರಾಬ್ಜೀಯವರು ತಾವೇ ಮನವಿದಾರರು, ತಾವೇ ಚರಿತ್ರಕಾರರು. ಯಾವ ಪತ್ರಿಕೆಯ ಒಡೆಯನ ಮುಖವನ್ನೂ ನೋಡಬೇಕಾದ ಹಂಗು ಅವರಿಗಿರಲಿಲ್ಲ. ಆದುದರಿಂದಲೇ ಆಟದ ವೃತ್ತಾಂತದೊಡನೆ ಆ ಹೋರಾಟವನ್ನೂ ಬರೆದಿಟ್ಟರು. ಆಡುವ ನೆಲಕ್ಕಾಗಿ ನಡೆದ ಹೋರಾಟವೂ ಆಟದ ಚರಿತ್ರೆಯೇ ಎಂಬುದನ್ನು ತೋರಿಸಿಕೊಟ್ಟರು.

ಇನ್ನು ಕರ್ನಾಟಕದ ನೆಲಕ್ಕೆ ಸಂಬಂಧಿಸಿದ ಒಬ್ಬರ ಕಥೆಯನ್ನು ಹೇಳಬೇಕು. ಪಾಲ್ವಣಕರ ಬಾಲೂ ಅವರು 1870ರ ದಶಕದಲ್ಲಿ ಧಾರವಾಡದಲ್ಲಿ ಜನಿಸಿದರು. ಅವರ ಮನೆತನವು ಮೂಲತಃ ಕೊಂಕಣ ಪ್ರಾಂತದ್ದು, ತಂದೆ ಸೈನ್ಯದಲ್ಲಿದ್ದವರು, ಕುಲವು ಅಸ್ಪೃಶ್ಯವೆಂದು ಎಣಿಸಲ್ಪಟ್ಟುದು. ಪುಣೆಯಲ್ಲಿ ಮೊದಲು ಪಾರ್ಸಿಗಳ, ಆಮೇಲೆ ಐರೋಪ್ಯರ ಸಂಘದ ಬಯಲನ್ನು ಗುಡಿಸಿ ಉರುಳೆ ಎಳೆಯುವ ಕೆಲಸವನ್ನು ತಿಂಗಳಿಗೆ ಕೆಲವೇ ರೂಪಾಯಿಗಳಿಗೆ ಮಾಡುತ್ತಿದ್ದ ಈ ಹುಡುಗನಿಗೆ, ಐರೋಪ್ಯರ ಅಭ್ಯಾಸಕ್ಕಾಗಿ ಚೆಂಡೆಸೆಯುವ ಅವಕಾಶ ಒದಗಿತು. ಎಡಗೈಯ ನಿಧಾನವಾದ ಎಸೆತದಲ್ಲಿ ಅವರಿಗೆ ಸಮಾನರು ದೇಶದಲ್ಲಿಯೇ ಇಲ್ಲವೆನ್ನುವಂತಾಯಿತು. ಹಿಂದೂ ತಂಡದವರು ಗೆಲವಿನ ಆಸೆಯಿಂದ ಅವರನ್ನು ಸೇರಿಸಿಕೊಂಡರು. ಬಯಲಿನಲ್ಲಿ ಅವರು ಎಸೆದ ಚೆಂಡನ್ನು ಎಲ್ಲರೂ ಮುಟ್ಟಿದರು. ವಿರಾಮದ ವೇಳೆಯಲ್ಲಿ ಮಾತ್ರ ಅವರಿಗೆ ಮಣ್ಣಿನ ಕುಡಿಕೆಯಲ್ಲಿ ಹೊರಗೇ ಚಹ ಕೊಟ್ಟರು. 1906ರಲ್ಲಿ ಹಿಂದೂಗಳು ಐರೋಪ್ಯರನ್ನು 109 ಓಟಗಳಿಂದ ಸೋಲಿಸಿದಾಗ ಬಾಲೂ ಅವರೂ ತಮ್ಮನಾದ ಶಿವರಾಮರೂ ತಂಡದಲ್ಲಿದ್ದರು. 1911ರಲ್ಲಿ ಪಟಿಯಾಲದ ಮಹಾರಾಜರ ನೇತೃತ್ವದಲ್ಲಿ ಭಾರತೀಯರ ತಂಡವು ಇಂಗ್ಲೆಂಡಿಗೆ ಹೋಗಿ ಬಹಳ ಆಟಗಳಲ್ಲಿ ಸೋತಿತು. ಆದರೂ ಬಾಲೂ ಅವರು ಒಬ್ಬರೇ 114 ವಿಕೆಟ್ಟುಗಳನ್ನು ಪಡೆದರು.

ಇಷ್ಟು ಮಾಡಿದವರಿಗೆ ಹಿಂದೂ ತಂಡದ ನಾಯಕತ್ವವು ದೊರೆಯಲಿಲ್ಲ. 1920ರಲ್ಲಿ ಅವರ ತಮ್ಮಂದಿರು ತಂಡದಿಂದ ಹೊರಬಂದು ಪ್ರತಿಭಟಿಸಿದರು. 1923ರಲ್ಲಿ ತಮ್ಮನಾದ ವಿಠ್ಠಲರು ನಾಯಕರಾದರು. ಈ ವಾದದಲ್ಲಿ ಬಾಲೂ ಅವರ ಪರವಾಗಿ ನಿಂತ ಸಾಕ್ಷಿಗಳಲ್ಲಿ ಎಲ್ಲಕ್ಕಿಂತ ಬಲವಾದುದು ಲೆಕ್ಕದ ಪುಸ್ತಕವೇ. ಮನುಷ್ಯನು ಕುಲವನ್ನು ಮುಂದುಮಾಡಿ ಏನನ್ನಾದರೂ ಹೇಳಬಹುದು. 114 ಎಂಬ ಅಂಕಿಗೆ ಕುಲವಿಲ್ಲ. ಹಳೆಯ ಕಾಲದ ಲೆಕ್ಕಿಗರಂತೆ ಹಿಡಿದವನ ಹೆಸರನ್ನು ಮಾತ್ರ ಬರೆದು ಎಸೆದವನನ್ನು ಬಿಟ್ಟಿದ್ದರೆ ಈ ಸಾಕ್ಷ್ಯದಲ್ಲಿ ಎಷ್ಟು ಉಳಿಯುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಬಾಲೂ ಅವರು 1955ರಲ್ಲಿ ತೀರಿಕೊಂಡರು. ಬಹುಕಾಲ ಅವರ ಹೆಸರು ಮರೆವಿನಲ್ಲಿಯೇ ಇತ್ತು. ಬೆಂಗಳೂರಿನಲ್ಲಿ ನೆಲಸಿರುವ ಇತಿಹಾಸಕಾರರಾದ ರಾಮಚಂದ್ರ ಗುಹ ಅವರು 2002ರಲ್ಲಿ ಪ್ರಕಟವಾದ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’ ಎಂಬ ಗ್ರಂಥದಲ್ಲಿ ಆ ಜೀವನವನ್ನು ಮತ್ತೆ ಬೆಳಕಿಗೆ ತಂದರು. ಅವರಿಗೆ ಆಧಾರವಾದುವು ಹಳೆಯ ವೃತ್ತಪತ್ರಿಕೆಗಳೂ, ಸೊರಾಬ್ಜೀಯವರಂಥ ಹವ್ಯಾಸಿಗಳು ಬರೆದಿಟ್ಟ ಹೊತ್ತಗೆಗಳೂ. ಕೂಡಿಟ್ಟವರು ಯಾರೋ, ಉಂಡವರು ನಾವು.

ಈಚಿನ ಕಾಲದಲ್ಲಿಯೂ ಇಂಥವರು ಇಲ್ಲದಿಲ್ಲ. ಭಾರತದ ಸೈನ್ಯದಲ್ಲಿಯೂ ಸೇವೆ ಸಲ್ಲಿಸಿದ್ದ ರೋಲೆಂಡ್ ಬೋವೆನ್ ಎಂಬ ಇಂಗ್ಲಿಷ್ ಮೇಜರನು 1963ರಿಂದ 1970ರವರೆಗೆ ‘ಕ್ರಿಕೆಟ್ ಕ್ವಾರ್ಟರ್ಲಿ’ ಎಂಬ ತ್ರೈಮಾಸಿಕವನ್ನು ತಾನೇ ಸಂಪಾದಕನಾಗಿ, ತಾನೇ ಪ್ರಕಾಶಕನಾಗಿ ನಡೆಸಿದನು. ಯಾವ ಸಂಘದ ಹಂಗೂ ಇಲ್ಲದುದರಿಂದ, ಬಹುಕಾಲದಿಂದ ನಂಬಿ ಬಂದ ಸಂಗತಿಗಳನ್ನೂ ಅವನು ನಿರ್ದಾಕ್ಷಿಣ್ಯವಾಗಿ ವಿಮರ್ಶಿಸಿದನು. ಕ್ರಿಕೆಟ್ಟು ಒಂದು ದೇಶದ ಸೊತ್ತಲ್ಲವೆಂಬುದನ್ನು 1970ರ ತನ್ನ ಬೃಹದ್ಗ್ರಂಥದಲ್ಲಿ ನಾನಾ ದೇಶಗಳ ವೃತ್ತಾಂತಗಳಿಂದ ತೋರಿಸಿದನು. 1973ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಲೆಕ್ಕಿಗರು ಕೂಡಿ ತಮ್ಮದೇ ಒಂದು ಸಂಘವನ್ನು ಕಟ್ಟಿದರು. ನಮ್ಮ ಮುಂಬಯಿಯಲ್ಲಿ ವಸಂತ ರಾಯಜೀ ಅವರು ವೃತ್ತಿಯಿಂದ ಲೆಕ್ಕ ಪರಿಶೋಧಕರು, ಯೌವನದಲ್ಲಿ ಆಟಗಾರರು, ಉಳಿದ ಕಾಲವೆಲ್ಲ ಆಟದ ಚರಿತ್ರಕಾರರು. ಭಾರತದ ಮೊದಮೊದಲ ಆಟಗಾರರನ್ನು ಕುರಿತು ಅವರು ಬರೆದ ಪುಸ್ತಕಕ್ಕೆ ಹ್ಯಾಂಬಲ್ಡನ್ನಿನ ಹೆಸರನ್ನೇ ಸೇರಿಸಿದರು. ನೈರೆನನ ಋಣವನ್ನು ಹೀಗೆ ತೀರಿಸಿದರೆನ್ನಬಹುದು. ನೂರು ವರ್ಷ ತುಂಬಿದ ಮೇಲೆ, 2020ರಲ್ಲಿ ಅವರು ಸ್ವರ್ಗಸ್ಥರಾದರು.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯುಂಟು. ಹವ್ಯಾಸವೆಂಬುದು ಬಿಡುವಿದ್ದವನಿಗೆ, ಬಿಡುವೆಂಬುದು ಉಂಡು ಮಿಕ್ಕವನಿಗೆ. ಹೇಗಾರ್ತನಿಗೆ ಹೊಟ್ಟೆಪಾಡಿನ ಚಿಂತೆಯಿದ್ದಿದ್ದರೆ ಅವನು ಅರುವತ್ತು ವರ್ಷ ಕಾಗದಗಳ ನಡುವೆ ಕುಳಿತಿರಬಲ್ಲನಾಗಿದ್ದನೆ? ಬಯಲಿಗೆ ಉರುಳೆ ಎಳೆಯುತ್ತಿದ್ದ ಬಾಲೂ ಅವರಿಗೆ ತಮ್ಮ ಕಥೆಯನ್ನು ಬರೆಯುವ ಅನುಕೂಲವೆಲ್ಲಿತ್ತು? ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆಯೆಂಬುದನ್ನು ಒಪ್ಪಲೇಬೇಕು. ಹವ್ಯಾಸಿಗಳು ಬರೆದ ಚರಿತ್ರೆಯಲ್ಲಿ ಅವರ ವರ್ಗದವರ ಹೆಸರುಗಳು ದೊಡ್ಡಕ್ಷರದಲ್ಲಿಯೂ ಮಿಕ್ಕವರವು ಸಣ್ಣಕ್ಷರದಲ್ಲಿಯೂ ಬಂದಿವೆ. ಅದರಿಂದ ಹೊರಡುವ ತೀರ್ಮಾನವೇನೆಂದರೆ, ಬಿಡುವುಳ್ಳವನ ಮೇಲೆ ಒಂದು ಸಾಲವಿದೆ: ತನ್ನವರಲ್ಲದವರ ಹೆಸರನ್ನೂ ಅವನು ಬರೆಯಬೇಕು. ಸಂಬಳಕ್ಕೆ ಬರೆಯುವವನು ದೊಡ್ಡ ಆಟಗಳ ಕಡೆಗೆ ಹೋಗುವುದು ಸಹಜ, ಅಲ್ಲಿ ಓದುಗರಿದ್ದಾರೆ. ಓದುಗರಿಲ್ಲದ ಚಿಕ್ಕ ಆಟವನ್ನು ಬರೆಯುವ ಸ್ವಾತಂತ್ರ್ಯವು ಹವ್ಯಾಸಿಗೆ ಮಾತ್ರ ಉಂಟು. ಆ ಸ್ವಾತಂತ್ರ್ಯವೇ ಅವನ ಐಶ್ವರ್ಯ, ಅದೇ ಅವನ ಹೊಣೆ.

ನಮ್ಮ ಜಿಲ್ಲೆಯ ಬಯಲುಗಳ ಸಂಗತಿಯೇನು? ಜಾತ್ರೆಯ ಕುಸ್ತಿಗಳು, ಶಾಲೆಯ ಕಬಡ್ಡಿ ಪಂದ್ಯಗಳು, ಭಾನುವಾರದ ಕ್ರಿಕೆಟ್ ತಂಡಗಳು ಇವೆಲ್ಲ ನಡೆಯುತ್ತಲೇ ಇವೆ, ಮರೆಯುತ್ತಲೂ ಇವೆ. ಹಿಂದಿನ ತಲೆಮಾರಿನ ಜಟ್ಟಿಗಳ ಹೆಸರುಗಳನ್ನು ಹೇಳಬಲ್ಲ ವೃದ್ಧರು ಊರೂರಿನಲ್ಲಿಯೂ ಒಬ್ಬಿಬ್ಬರು ಇದ್ದಾರು. ಅವರ ಕಾಲದ ಮೇಲೆ ಕೇಳುವುದಕ್ಕೆ ಯಾರೂ ಉಳಿಯರು. ಈ ಕೆಲಸಕ್ಕೆ ಪಾಂಡಿತ್ಯವು ಬೇಕಾಗಿಲ್ಲ. ಒಂದು ಗಟ್ಟಿ ರಟ್ಟಿನ ಪುಸ್ತಕವೂ ಪ್ರಾಮಾಣಿಕತೆಯೂ ಸಾಕು. ದಿನಾಂಕವನ್ನೂ ಸ್ಥಳವನ್ನೂ ತಪ್ಪದೆ ಬರೆಯಬೇಕು. ಗೆದ್ದವರ ಜೊತೆಗೆ ಸೋತವರ ಹೆಸರುಗಳನ್ನೂ ಪೂರ್ತಿಯಾಗಿ ಬರೆಯಬೇಕು. ಹಿಡಿದವನನ್ನು ಬರೆದರೆ ಎಸೆದವನನ್ನೂ ಬರೆಯಬೇಕು. ಕೇಳಿದ ಮಾತನ್ನು ಕಂಡ ಸಂಗತಿಯೊಡನೆ ಬೆರಸಬಾರದು. ಬರೆದ ಪುಸ್ತಕದ ಒಂದು ಪ್ರತಿಯನ್ನು ಇನ್ನೊಬ್ಬರ ಮನೆಯಲ್ಲಿ ಇಡಬೇಕು. 1825ರ ಬೆಂಕಿಯು ಕಲಿಸಿದ ಪಾಠವಿದು. ಅದರ ಜೊತೆಗೆ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಬಯಲನ್ನು ಗುಡಿಸಿ ಸುಣ್ಣದ ಗೆರೆಯೆಳೆದವನ ಹೆಸರನ್ನೂ ಆ ಹಾಳೆಯಲ್ಲಿ ಕಾಣಿಸಬೇಕು.